ಪಥಿಕನ ಮುನಿಸು

ಒಂದು ಯಂತ್ರ ತಾನು ಎಲ್ಲಿದ್ದೇನೆಂದು ನಂಬಿದೆಯೋ ಅಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ಸುತ್ತುವರಿದ ಕತ್ತಲು ಸುಳ್ಳು, ಚಳಿ ಸುಳ್ಳು, ಅದಕ್ಕೆ ಕಾಣುವ ನಕ್ಷತ್ರಗಳೂ ಸುಳ್ಳು. ಆದರೆ ಆ ಯಂತ್ರ ಮಾಡುವ ಪ್ರತಿಯೊಂದು ಕೆಲಸವೂ, ನಿಜವಾದ ಕತ್ತಲಲ್ಲಿ, ನಿಜವಾದ ಚಳಿಯಲ್ಲಿ ಅದು ಏನು ಮಾಡುತ್ತಿತ್ತೋ ಅದೇ. ಹೀಗೊಂದು ಯಂತ್ರವನ್ನು ಮಾಡಿಟ್ಟುಕೊಳ್ಳಲು ಬಂದರೆ ಹೇಗಿರುತ್ತದೆ? ಪುರುಸೊತ್ತಿದ್ದವರು ಕೂತು ಯೋಚಿಸಬಹುದಾದ ಪ್ರಶ್ನೆ. ಆ ವರ್ಷದ ಏಪ್ರಿಲ್‌ನಲ್ಲಿ ನಮಗೆ ಪುರುಸೊತ್ತಿರಲಿಲ್ಲ. ಹತ್ತೊಂಬತ್ತು ದಿನಗಳೊಳಗೆ ಅದನ್ನು ಮಾಡಲೇಬೇಕಿತ್ತು.

ವಿಷಯ ಪಥಿಕನದು. ಮೂವತ್ತೆಂಟು ವರ್ಷಗಳ ಹಿಂದೆ ನಮ್ಮ ಕೇಂದ್ರದಿಂದ ಹೊರಟ ನೌಕೆ. ಗಾತ್ರದಲ್ಲಿ ಒಂದು ಆಟೋರಿಕ್ಷಾದಷ್ಟು. ಗ್ರಹಗಳನ್ನೆಲ್ಲ ದಾಟಿ, ಇನ್ನು ಮುಂದೆ ನೋಡಲು ಏನೂ ಇಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೂ, ಅದು ಹೋಗುತ್ತಲೇ ಇತ್ತು. ನಾವು ಒಂದು ಮಾತು ಹೇಳಿದರೆ ಅದಕ್ಕೆ ತಲುಪಲು ಹದಿನಾರು ಗಂಟೆ ಬೇಕು, ಅದು ಹೂಂ ಅಂದದ್ದು ನಮಗೆ ಕೇಳಲು ಮತ್ತೆ ಹದಿನಾರು ಗಂಟೆ. ಬೆಳಕಿಗಿಂತ ವೇಗವಾಗಿ ಓಡುವ ಅಂಚೆಯವನು ಈ ಲೋಕದಲ್ಲಿಲ್ಲ.

ಪಥಿಕ ತನ್ನ ಅಂಟೆನಾವನ್ನು ಭೂಮಿಯ ಕಡೆ ತಿರುಗಿಸಿಟ್ಟುಕೊಳ್ಳುತ್ತಿದ್ದದ್ದು ಸೂರ್ಯನನ್ನು ನೋಡಿಕೊಂಡು. ಈಗ ಅಷ್ಟು ದೂರದಿಂದ ಸೂರ್ಯನೂ ಒಂದು ಹೊಳೆಯುವ ಚುಕ್ಕಿ ಅಷ್ಟೇ. ಸೂರ್ಯನನ್ನು ಗುರುತಿಸುವ ಕಣ್ಣು ಮಂಜಾಗಿತ್ತು. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅಂಟೆನಾ ಓರೆಯಾಗುತ್ತಿತ್ತು. ಲೆಕ್ಕ ಹಾಕಿದಾಗ ಹತ್ತೊಂಬತ್ತು ದಿನಗಳಾದ ಮೇಲೆ ಅದರ ದನಿ ನಮಗೆ, ನಮ್ಮ ದನಿ ಅದಕ್ಕೆ ಕೇಳದು ಎಂದು ತಿಳಿಯಿತು. ಆಮೇಲೆ ಪಥಿಕ ಇರುತ್ತಾನೆ, ಲಕ್ಷಾಂತರ ವರ್ಷ ಇರುತ್ತಾನೆ, ಮೂಕನಾಗಿ.

ಉಪಾಯವೊಂದಿತ್ತು. ಸೂರ್ಯನನ್ನು ಬಿಟ್ಟು ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯಲು ಅದಕ್ಕೆ ಕಲಿಸುವುದು. ಪಥಿಕನ ಮೂಲೆಯೊಂದರಲ್ಲಿ ಬಳಸದೆ ಬಿಟ್ಟ ಒಂದು ಕ್ಯಾಮೆರಾ ಇನ್ನೂ ಚೆನ್ನಾಗಿತ್ತು. ಕಲಿಸುವ ಪಾಠವನ್ನು ಕಳಿಸಲು ಎಪ್ಪತ್ತು ನಿಮಿಷ ಬೇಕು. ಪಾಠ ಅರ್ಧ ಹೋಗಿ ಅರ್ಧ ನಿಂತರೆ ಪಥಿಕನ ಕಂಪ್ಯೂಟರು ಅಲ್ಲೇ ಸ್ತಬ್ಧವಾಗುತ್ತದೆ. ಆಫ್ ಮಾಡಿ ಆನ್ ಮಾಡಲು ಅಲ್ಲಿಗೆ ಯಾರು ಹೋಗುತ್ತಾರೆ?

ಆದ್ದರಿಂದ ಮೊದಲು ನೆಲದ ಮೇಲೆ ಪರೀಕ್ಷೆ ಮಾಡಬೇಕು. ಪಥಿಕನ ಜೊತೆಗೇ ಕಟ್ಟಿದ್ದ ಜೋಡಿ ಕಂಪ್ಯೂಟರು ಒಂದಿತ್ತು. ಅದನ್ನು ಯಾರೋ ಪುಣ್ಯಾತ್ಮರು ಹನ್ನೆರಡು ವರ್ಷಗಳ ಹಿಂದೆ ಗುಜರಿಗೆ ಹಾಕಿದ್ದರು. ಉಳಿದದ್ದು ಅದರ ಕಾರ್ಯಾಚರಣ ವ್ಯವಸ್ಥೆ ಮಾತ್ರ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಅದು ನಮ್ಮ ಈಗಿನ ಯಾವ ಕಂಪ್ಯೂಟರಿನಲ್ಲೂ ನೇರವಾಗಿ ಓಡದು. ಈಗಿನ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನಂತೆ ನಟಿಸುವ ಇನ್ನೊಂದು ತಂತ್ರಾಂಶವನ್ನು ಹಾಕಿ, ಅದರ ಹೊಟ್ಟೆಯಲ್ಲಿ ಇದನ್ನು ಓಡಿಸಬೇಕು. ಹೊರಗಿನದು ಆತಿಥೇಯ, ಒಳಗಿನದು ಅತಿಥಿ. ಅತಿಥಿಗೆ ತಾನು ಬೇರೆಯವರ ಮನೆಯಲ್ಲಿದ್ದೇನೆ ಎಂಬುದು ಗೊತ್ತೇ ಆಗಬಾರದು.

ಇಂಥ ನಟನೆಯ ತಂತ್ರಾಂಶವನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ನನ್ನ ಹೆಸರು ಗಂಗಾಧರ, ಕೇಂದ್ರದ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದವನು. ನನ್ನ ಜೊತೆಗಿದ್ದವಳು ನಸೀಮಾ. ವಯಸ್ಸಿನಲ್ಲಿ ಪಥಿಕನಿಗಿಂತ ಹತ್ತು ವರ್ಷ ಚಿಕ್ಕವಳು, ಬುದ್ಧಿಯಲ್ಲಿ ನನಗಿಂತ ಬಹಳ ದೊಡ್ಡವಳು. ಇದನ್ನು ಅವಳೆದುರು ನಾನು ಹೇಳಿಲ್ಲ.

ಮೂರು ತಂತ್ರಾಂಶಗಳು ಸಿಕ್ಕವು. ಮೊದಲನೆಯದು ದೊಡ್ಡ ಕಂಪನಿಯೊಂದರದು. ನೋಡಲು ಅಂದ, ಓಡಲು ಕುದುರೆ. ಪಥಿಕನ ಮೂವತ್ತೆಂಟು ವರ್ಷಗಳ ಬದುಕನ್ನು ಒಂದೇ ಮಧ್ಯಾಹ್ನದಲ್ಲಿ ಓಡಿಸಿ ಮುಗಿಸುತ್ತಿತ್ತು. ಎರಡನೆಯದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು, ಅದಕ್ಕೆ ಎರಡು ದಿನ ಬೇಕಿತ್ತು. ಮೂರನೆಯದನ್ನು ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿದ ಏಳೆಂಟು ಜನ ಬಿಡುವಿನಲ್ಲಿ ಬರೆದಿದ್ದರು. ಅದು ಹಳೆಯ ಯಂತ್ರದ ಒಂದೊಂದು ತಂತಿಯನ್ನೂ, ಒಂದೊಂದು ಮಿಡಿತವನ್ನೂ, ಅದರ ದೋಷಗಳನ್ನೂ ಬಿಡದೆ ನಟಿಸುತ್ತಿತ್ತು. ಚಳಿಯಲ್ಲಿ ಗಡಿಯಾರದ ಹರಳು ಎಷ್ಟು ನಿಧಾನವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅದಕ್ಕೆ ಬೇಕಾದದ್ದು ಒಂಬತ್ತು ದಿನ. ನಮ್ಮ ಹತ್ತೊಂಬತ್ತರಲ್ಲಿ ಒಂಬತ್ತು.

ಪರೀಕ್ಷೆ ಸರಳ. ಇಷ್ಟು ವರ್ಷ ನಾವು ಪಥಿಕನಿಗೆ ಕಳಿಸಿದ ಆದೇಶಗಳು ನಮ್ಮ ಬಳಿ ಇದ್ದವು, ಅವನು ಕೊಟ್ಟ ಉತ್ತರಗಳೂ ಇದ್ದವು. ಅವೇ ಆದೇಶಗಳನ್ನು ಒಳಗಿನ ಅತಿಥಿಗೆ ಕೊಡಬೇಕು, ಬಂದ ಉತ್ತರವನ್ನು ಪಥಿಕನ ಉತ್ತರದ ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಒಂದು ಸಂಖ್ಯೆ ಕಾಣುತ್ತದೆ, ಎಷ್ಟು ಕಡೆ ವ್ಯತ್ಯಾಸವಿದೆ ಎಂದು. ಅದು ಸೊನ್ನೆಯಾಗಿದ್ದರೆ ನಮ್ಮ ಅವಳಿ ನಿಜವಾದ ಅವಳಿ.

ಮೊದಲ ಎರಡರಲ್ಲೂ ಸಂಖ್ಯೆ ಚಿಕ್ಕದೇ ಬಂತು. ಪಥಿಕನಿಂದ ಬಂದ ಸಾಲುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿ. ತಪ್ಪಿದ ಕಡೆಗಳಲ್ಲಿ ಒಂದು ವಿಚಿತ್ರವಿತ್ತು. ಪಥಿಕ ಆಗಾಗ ಒಂದು ಆದೇಶವನ್ನು ಮೊದಲ ಸಲಕ್ಕೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಎರಡನೇ ಸಲ ಹೇಳಿದರೆ ಮಾಡುತ್ತಿದ್ದ. ಇದಕ್ಕೆ ಕೇಂದ್ರದಲ್ಲಿ 'ಪಥಿಕನ ಮುನಿಸು' ಎಂದು ಹೆಸರಿಟ್ಟಿದ್ದರು. ಕಾರಣ ಬಲ್ಲವರು ನಿವೃತ್ತರಾಗಿದ್ದರು, ತಿಳಿಯದವರು ಹೆಸರಿಟ್ಟು ಸುಮ್ಮನಾಗಿದ್ದರು. ಕಂಪ್ಯೂಟರಿನೊಳಗಿನ ನಮ್ಮ ಅತಿಥಿಗಳು ಮಾತ್ರ ಯಾವತ್ತೂ ಮುನಿಸಿಕೊಳ್ಳಲಿಲ್ಲ. ಹೇಳಿದ್ದನ್ನೆಲ್ಲ ಮೊದಲ ಸಲಕ್ಕೇ ಕೇಳಿದವು.

ನನಗೆ ಮೊದಲನೆಯದೇ ಸಾಕು ಅನ್ನಿಸಿತ್ತು. ಒಂದು ಶೇಕಡಾ ತಪ್ಪಿಗೆ ಒಂಬತ್ತು ದಿನ ಸುರಿಯುವುದೇ? ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ವನಜಾಳಿಗೆ ಎಲ್ಲ ಹೇಳಿದೆ. ಅವಳು ಬಾಣಲೆಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

"ಅಂದ್ರೆ ಆ ಒಳಗಿರೋದಕ್ಕೆ ತಾನು ಎಲ್ಲಿದೀನಿ ಅಂತಾನೇ ಗೊತ್ತಿರಲ್ವಾ?"

"ಗೊತ್ತಿರಬಾರದು."

"ನಂಗಂತೂ ನಿಮ್ಮನೇಗ್ ಬಂದ ಮೊದಲ್ನೇ ದಿನಾನೇ ಗೊತ್ತಾಯ್ತು," ಎಂದು ನಕ್ಕಳು. ಆಮೇಲೆ ಕೇಳಿದಳು, "ಮೂರರಲ್ಲಿ ಯಾವ್ದು ಅವನ ಥರಾನೇ ಮುನಿಸ್ಕೊಳ್ಳುತ್ತೆ?"

"ಎರಡು ಮುನಿಸ್ಕೊಳ್ಳಲ್ಲ. ಮೂರನೇದು ಇನ್ನೂ ಓಡಿಸಿಲ್ಲ. ಆದ್ರೆ ಮುನಿಸ್ಕೊಳ್ಳದೇ ಇರೋದು ಒಳ್ಳೇದೇ ಅಲ್ವಾ?"

"ಏನ್ ಒಳ್ಳೇದು? ನಮ್ಮ ಚಿಕ್ಕಪ್ಪನ ಮಗಳಿಗೆ ಗಂಡು ನೋಡ್ದಾಗ ಏನಾಯ್ತು? ನೋಡಕ್ಕೆ ಬಂದ ದಿನ ಎಲ್ರೂ ಚೆನ್ನಾಗೇ ಇರ್ತಾರೆ ಕಣ್ರೀ. ಸಿಟ್ಟು ಬಂದಾಗ ಹೆಂಗಿರ್ತಾರೆ ಅಂತ ನೋಡಿ ಒಪ್ಕೋಬೇಕು."

ರೊಟ್ಟಿ ತಿಂದೆ. ರೊಟ್ಟಿಗಿಂತ ಆ ಮಾತು ಹೆಚ್ಚು ಹೊತ್ತು ಹೊಟ್ಟೆಯಲ್ಲಿ ಕೂತಿತು. ಪಥಿಕ ಎಲ್ಲಿ ಮಾತು ಕೇಳುವುದಿಲ್ಲವೋ ಅದನ್ನೇ ತಿಳಿಯದೆ, ಎಪ್ಪತ್ತು ನಿಮಿಷದ ಪಾಠವನ್ನು ಯಾವ ಧೈರ್ಯದ ಮೇಲೆ ಕಳಿಸುವುದು? ಮರುದಿನ ಬೆಳಿಗ್ಗೆ ನಸೀಮಾಳಿಗೆ ಮೂರನೆಯದನ್ನು ಓಡಿಸಲು ಹೇಳಿದೆ. "ನಾನು ಮೊನ್ನೇನೇ ಹೇಳ್ಬೇಕು ಅಂತಿದ್ದೆ ಸರ್," ಎಂದಳು.

ಒಂಬತ್ತು ದಿನ ಅದು ಓಡಿತು. ಆ ದಿನಗಳನ್ನು ನಾನು ಮರೆಯಲಾರೆ. ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಅದರೊಳಗೆ ಪಥಿಕನ ಬುದ್ಧಿ ಹುಟ್ಟಿ, ಕಣ್ಣುಬಿಟ್ಟು, ಗುರುವನ್ನು ದಾಟಿ, ಶನಿಯನ್ನು ದಾಟಿ ಹೋಗುತ್ತಿತ್ತು. ಶನಿಯ ಉಂಗುರ ಕಂಡ ದಿನ ಅದು ಮೂವತ್ತು ವರ್ಷಗಳ ಹಿಂದೆ ಬಳಸಿದ ಅದೇ ಮಾತುಗಳಲ್ಲಿ, ಅದೇ ತಡವರಿಕೆಯೊಡನೆ, ಅಲ್ಲಿನ ಚಳಿಯನ್ನು ವರದಿ ಮಾಡಿತು. ನಾನು ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದೆ. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಒಳಗಿದ್ದವನು ಮಾತ್ರ ತಾನು ಹೆಪ್ಪುಗಟ್ಟುತ್ತಿದ್ದೇನೆ ಎನ್ನುತ್ತಿದ್ದ. ನಮ್ಮ ಸುತ್ತಲ ಲೋಕ ಎಂದು ನಾವು ಅಂದುಕೊಂಡಿರುವುದು ಏನು ಎಂದು ಯೋಚನೆ ಬಂದು, ಎದ್ದು ಹೋಗಿ ಕಾಫಿ ಕುಡಿದು ಬಂದೆ.

ಮತ್ತು ಈ ಅವಳಿ ಮುನಿಸಿಕೊಂಡಿತು. ಪಥಿಕನಂತೆಯೇ ಕೆಲವು ಆದೇಶಗಳನ್ನು ಕೇಳಿಸಿಕೊಳ್ಳಲೇ ಇಲ್ಲ. ತೊಂದರೆಯೆಂದರೆ, ಪಥಿಕ ಮುನಿಸಿಕೊಂಡ ಕಡೆ ಇದು ಮಾತು ಕೇಳುತ್ತಿತ್ತು, ಪಥಿಕ ಮಾತು ಕೇಳಿದ ಕಡೆ ಇದು ಮುನಿಸಿಕೊಳ್ಳುತ್ತಿತ್ತು.

ಕಾರಣ ಹುಡುಕಿದವಳು ನಸೀಮಾ. ಹಳೆಯ ಕೈಪಿಡಿಯ ಯಾವುದೋ ಪುಟದಲ್ಲಿ ಒಂದೇ ಒಂದು ಪ್ಯಾರಾ ಇತ್ತು. ಪಥಿಕನ ನೆನಪಿಗೆ ಎರಡು ಕೋಣೆಗಳು. ಬಾಹ್ಯಾಕಾಶದ ವಿಕಿರಣಕ್ಕೆ ನೆನಪು ಕೆಡದಿರಲಿ ಎಂದು ನೂರು ನಿಮಿಷಕ್ಕೊಮ್ಮೆ ಎಲ್ಲವನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊಸದಾಗಿ ಬರೆದಿಡುತ್ತದೆ. ಹಾಗೆ ಬರೆಯಲು ಹನ್ನೆರಡು ನಿಮಿಷ. ಆಗ ಏನು ಹೇಳಿದರೂ ಕೇಳುವುದಿಲ್ಲ. ಮುನಿಸೆಂದರೆ ಇದೇ. ಈ ನೂರು ನಿಮಿಷಗಳನ್ನು ಎಣಿಸುವ ಒಂದು ಒಳಗಡಿಯಾರವಿದೆ. ಕಂಪ್ಯೂಟರಿಗೆ ಮೊಟ್ಟಮೊದಲು ವಿದ್ಯುತ್ ಕೊಟ್ಟ ಗಳಿಗೆಯಿಂದ ಅದು ಎಣಿಸುತ್ತಲೇ ಬಂದಿದೆ, ಭೂಮಿಗೆ ಅದನ್ನು ಯಾವತ್ತೂ ಕಳಿಸುವುದಿಲ್ಲ. ಮೊದಲ ಎರಡು ತಂತ್ರಾಂಶಗಳು ಇಂಥ ಸಣ್ಣಪುಟ್ಟದ್ದನ್ನೆಲ್ಲ ತಾವೇ ಸರಿಪಡಿಸಿಕೊಂಡು, ನಮಗೆ ತೋರಿಸದೆ ಮುಚ್ಚಿಟ್ಟಿದ್ದವು.

"ಎಪ್ಪತ್ತು ನಿಮಿಷದ ಪಾಠದ ನಡುವೆ ಕೋಣೆ ಬದಲಾದ್ರೆ ಅರ್ಧ ಇಲ್ಲಿ, ಅರ್ಧ ಅಲ್ಲಿ," ಎಂದಳು ನಸೀಮಾ. "ಎರಡು ಬದಲಾವಣೆಗಳ ನಡುವೆ ಎಂಬತ್ತೆಂಟು ನಿಮಿಷ ಸಿಗುತ್ತೆ. ಅಂದ್ರೆ ಆಚೀಚೆ ಸೇರಿ ಒಟ್ಟು ಹದಿನೆಂಟು ನಿಮಿಷ, ಅಷ್ಟೇ. ನಮ್ಮ ದಾಖಲೇಲಿರೋ ಹುಟ್ಟಿದ ಸಮಯ ತಪ್ಪಿದೆ ಸರ್. ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತು ಅಂತ ಬರ್ದಿದೆ. ಅವನು ಅದಕ್ಕಿಂತ ಲೇಟಾಗಿ ಹುಟ್ಟಿದಾನೆ."

"ಎಷ್ಟು ಲೇಟು?"

"ನಿಮಿಷದ ಲೆಕ್ಕ ಉಳಿದಿರೋ ಮುನಿಸು ಒಂಬತ್ತೇ. ಉಳಿದ ಟೇಪೆಲ್ಲ ಬೂಷ್ಟು ಹಿಡಿದು ಹೋಗಿವೆ. ಅರವತ್ತೈದರಿಂದ ತೊಂಬತ್ತೈದು ನಿಮಿಷದ ಒಳಗೆ ಎಲ್ಲೋ ಇದೆ. ಅದಕ್ಕಿಂತ ಕರಾರುವಾಕ್ಕಾಗಿ ಹೇಳಕ್ಕಾಗಲ್ಲ, ಹದಿನೆಂಟು ನಿಮಿಷಕ್ಕೆ ಅದು ಸಾಲದು."

ನಮ್ಮ ನಿರ್ದೇಶಕರು ಹೆಬ್ಬಾರರು, ಕುಂದಾಪುರದ ಕಡೆಯವರು. ದಾಖಲೆ ಎಂದರೆ ಅವರಿಗೆ ದೇವರಮನೆ ಇದ್ದ ಹಾಗೆ.

"ನಿಮ್ಮ ಲೆಕ್ಕ ಸರಿ ಬರಲಿಕ್ಕೆ ಹುಟ್ಟಿದ ಹೊತ್ತನ್ನೇ ತಿದ್ದುದಾ ಮಾರಾಯ್ರೆ? ಸಹಿ ಉಂಟು ಅದರಲ್ಲಿ. ಸಣ್ಣ ಆದೇಶ ಒಂದು ಕಳಿಸಿ ನೋಡಿ, ಕೇಳ್ತದಾ ಇಲ್ವಾ ಅಂತ."

"ಶಕ್ತಿ ಉಳ್ಸಕ್ಕೆ ಅವನು ಸಣ್ಣ ಆದೇಶಕ್ಕೆಲ್ಲ ಉತ್ತರ ಕೊಡೋದು ನಿಲ್ಸಿದಾನೆ ಸರ್," ಎಂದಳು ನಸೀಮಾ. "ದಿನಕ್ಕೊಂದ್ಸಲ ಇದೀನಿ ಅಂತಾನೆ, ಅಷ್ಟೇ."

ಹೆಬ್ಬಾರರು ದಾಖಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಸಹಿ ಮಾಡಿದವರು ಇದ್ದಾರಲ್ಲ ಇನ್ನೂ? ಅವರತ್ರ ಕೇಳಿ. ಅವರು ಬರೆದುಕೊಟ್ರೆ ನಾನು ತಿದ್ತೇನೆ. ಇಲ್ಲದಿದ್ರೆ ಹತ್ತು ನಲವತ್ತೇ."

ಸಹಿ ಜಯಶೀಲಾ ಅವರದು. ಪಥಿಕನ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದ ನಾಲ್ವರಲ್ಲಿ ಉಳಿದಿದ್ದವರು ಅವರೊಬ್ಬರೇ. ನಾನು ಕೆಲಸಕ್ಕೆ ಸೇರಿದಾಗ ಅವರ ಹೆಸರು ಕೇಳಿದರೆ ನಡುಕ. ಮೂಢನಂಬಿಕೆಯೆಂದರೆ ಉರಿದುಬೀಳುತ್ತಿದ್ದರು. ಶಾಲೆಶಾಲೆಗೆ ಹೋಗಿ ಗ್ರಹಣ ಕಾಲದಲ್ಲಿ ಮಕ್ಕಳಿಗೆ ಉಪ್ಪಿಟ್ಟು ತಿನ್ನಿಸಿ, ತಾವೂ ತಿಂದು ಬಂದವರು. ಅಂಥವರ ದಾಖಲೆ ತಪ್ಪು ಎಂದು ಹೇಳಲು ನಾನು ತುಮಕೂರಿಗೆ ಹೊರಟಿದ್ದೆ. ನಸೀಮಾಳೂ ಬಂದಳು. ನಮಗೆ ಉಳಿದಿದ್ದದ್ದು ಆರು ದಿನ.

ಅವರು ತಂಗಿಯ ಮಗಳ ಮನೆಯ ತಾರಸಿಯ ಮೇಲಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಹಳೆಯ ಪಂಚೆ ಹಾಸಿ ಮನೆಮಂದಿಯೆಲ್ಲ ಸಂಡಿಗೆ ಇಡುತ್ತಿದ್ದರು. ಎಪ್ಪತ್ತೆಂಟರ ಜಯಶೀಲಾ ಮೇಡಂ ಮಣೆಯ ಮೇಲೆ ಕೂತು, ಸಾಲು ವಕ್ರವಾಯಿತೆಂದು ಎಲ್ಲರನ್ನೂ ಬೈಯುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದರು. ಸೂರ್ಯಕಣ್ಣು, ಎರಡು ಕೋಣೆ, ಮೂರನೆಯ ತಂತ್ರಾಂಶ, ಎಲ್ಲ.

"ಅಂದ್ರೆ ನನ್ನ ಕೋಡು ಇವತ್ತೂ ಓಡ್ತಿದೆ. ಒಂದು ಪೆಟ್ಟಿಗೇಲಿ," ಎಂದರು.

"ಹೂಂ ಮೇಡಂ. ತಾನು ಆಕಾಶದಲ್ಲಿದೀನಿ ಅಂದ್ಕೊಂಡು."

"ಆ ಹತ್ತು ನಲವತ್ತು ತಪ್ಪು ಅಂತೀರಿ."

"ನಾವು ಅನ್ನಲ್ಲ ಮೇಡಂ, ಲೆಕ್ಕ ಅನ್ನುತ್ತೆ."

ಮೇಡಂ ತಂಗಿಯ ಮಗಳಿಗೆ, "ನೀವೆಲ್ಲ ಕೆಳಗೆ ಹೋಗಿ ಇವರಿಗೆ ಪಾನಕ ಮಾಡ್ರಮ್ಮ," ಎಂದರು. ಎಲ್ಲರೂ ಇಳಿದ ಮೇಲೆ ಹಿಟ್ಟಿನ ಕೈಯನ್ನು ತಟ್ಟೆಯ ಅಂಚಿಗೆ ನಿಧಾನವಾಗಿ ಒರೆಸಿದರು. ನನಗೆ ಭಯವಾಯಿತು. ಹೊರಟುಹೋಗಿ ಎನ್ನುತ್ತಾರೆ ಎಂದೇ ತಿಳಿದೆ.

"ಆವತ್ತು ಶುಕ್ರವಾರ," ಎಂದರು. "ಹತ್ತೂವರೆಯಿಂದ ಹನ್ನೆರಡು. ಏನು ಹೇಳಿ?"

ನನಗೆ ಹೊಳೆಯಲಿಲ್ಲ. ನಸೀಮಾ ಹೇಳಿದಳು, "ರಾಹುಕಾಲ. ನಮ್ಮ ಹಾಸ್ಟೆಲ್ ವಾರ್ಡನ್ ಆ ಹೊತ್ತಲ್ಲಿ ಗೇಟೇ ತೆಗೀತಿರ್ಲಿಲ್ಲ."

"ಹೂಂ." ಮೇಡಂ ನಮ್ಮ ಮುಖ ನೋಡಲಿಲ್ಲ. "ಮುನಿವೆಂಕಟಪ್ಪ ಅಂತಿದ್ದ. ಮಾಲೂರು ಕಡೆಯವನು. ಆ ಕಂಪ್ಯೂಟರಿನ ಬೆಸುಗೆ ಪೂರ್ತಿ ಅವನದು. ಸಾವಿರಾರು ಬೆಸುಗೆ, ಎಂಟು ತಿಂಗಳು, ಭೂತಗನ್ನಡಿ ಕೆಳಗೆ. ಅದರಲ್ಲೇ ಅರ್ಧ ಕಣ್ಣು ಕಳ್ಕೊಂಡ. ಒಂದು ದಿನ ನನ್ನ ಹತ್ರ ಏನನ್ನೂ ಬೇಡಿದವನಲ್ಲ. ಆವತ್ತು ಕೊಠಡೀಲಿ ನಾವಿಬ್ಬರೇ. ನಾನು ಫಾರಂ ತುಂಬಿ, ಹತ್ತು ನಲವತ್ತು ಅಂತ ಮೊದಲೇ ಬರೆದು, ಸಹಿ ಹಾಕಿ, ಬಟನ್ ಮೇಲೆ ಬೆರಳಿಟ್ಟೆ. ಅವನು ಪೆಟ್ಟಿಗೆ ಮೇಲೆ ಕೈಯಿಟ್ಬಿಟ್ಟ. 'ಅಕ್ಕಾ, ರಾವುಕಾಲ ಕಣಕ್ಕಾ. ಮಗೀನ ಈಗ ಎಬ್ಬಿಸ್ಬ್ಯಾಡ. ಸೈರನ್ ಆಗೋಗ್ಲಿ' ಅಂದ."

ಪಕ್ಕದ ಬಟ್ಟೆ ಗಿರಣಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗುತ್ತಿತ್ತಂತೆ.

"ನಾನು ಅವನಿಗೆ ಭಾಷಣ ಮಾಡ್ದೆ. ರಾಹು ಅನ್ನೋ ಗ್ರಹವೇ ಇಲ್ಲ ಅಂದೆ. ಚಂದ್ರನ ದಾರಿ, ಭೂಮಿಯ ದಾರಿ, ಅವು ಕೂಡೋ ಜಾಗ ಅಂತ ಕಾಗದದ ಮೇಲೆ ಬರೆದು ತೋರಿಸ್ದೆ. ಎಲ್ಲ ಕೇಳ್ದ. ಹೂಂ ಅಕ್ಕ ಅಂದ. ಕೈ ಮಾತ್ರ ತೆಗೀಲಿಲ್ಲ. ಆ ಕೈ ನಡುಗ್ತಿತ್ತು ಗಂಗಾಧರ. ಅಷ್ಟೊಂದು ಬೆಸುಗೆ ಹಾಕುವಾಗ ಒಂದ್ಸಲಾನೂ ನಡುಗದೇ ಇದ್ದ ಕೈ." ತಮ್ಮ ಹಿಟ್ಟಿನ ಕೈ ನೋಡಿಕೊಂಡರು. "ಕೂತ್ವಿ. ಎಂಬತ್ತು ನಿಮಿಷ ಕೂತ್ವಿ. ಅವನು ತಂದಿದ್ದ ಚಿತ್ರಾನ್ನ ಇಬ್ರೂ ತಿಂದ್ವಿ. ಸೈರನ್ ಕೂಗ್ತು, ಬಟನ್ ಒತ್ತಿದೆ."

"ಮತ್ತೆ ಫಾರಂ?"

"ತಿದ್ದಿದ್ರೆ ಯಾಕೆ ತಡ ಅಂತ ಕೇಳೋರು. ಏನು ಹೇಳ್ಲಿ? ಜಯಶೀಲಾ ರಾಹುಕಾಲ ನೋಡಿದ್ಲು ಅಂತಲೇ? ಇಡೀ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಇದೊಂದಕ್ಕೇ ಕಾಯ್ತಿದ್ರು." ಕಣ್ಣೊರೆಸಿಕೊಂಡರು. "ಒಳಗಡಿಯಾರ ಆ ಗಳಿಗೇನ ಎಣಿಸುತ್ತೆ ಅಂತ ನನಗೆ ಗೊತ್ತಿತ್ತು. ನಾನೇ ಬರೆದದ್ದಲ್ವಾ. ಯಾವತ್ತೋ ತಿದ್ತೀನಿ, ಯಾವತ್ತೋ ತಿದ್ತೀನಿ ಅಂತ ಮೂವತ್ತೆಂಟು ವರ್ಷ ಆಯ್ತು. ಎಂಥಾ ನಾಚಿಕೆಗೇಡು."

ನಸೀಮಾ ಕೇಳಿದಳು, "ಮೇಡಂ, ಇದನ್ನ ಬರೆದು ಕೊಡ್ತೀರಾ? ಎಲ್ಲರೂ ಓದ್ತಾರೆ. ಪೇಪರಿನವರೂ ಕೇಳ್ಬಹುದು. ಬೇಕಾದ್ರೆ ಬರೀ ತಾಂತ್ರಿಕ ಕಾರಣ ಅಂತ…"

"ತಾಂತ್ರಿಕ ಕಾರಣ!" ಮೇಡಂ ಗದರಿದರು. ಹಳೆಯ ಜಯಶೀಲಾ ಒಂದು ಕ್ಷಣ ಎದ್ದು ಕೂತರು. "ಒಂದು ಸುಳ್ಳು ಸಾಲದು ಅಂತ ಇನ್ನೊಂದಾ? ಇದ್ದದ್ದು ಇದ್ದ ಹಾಗೆ ಬರೀತೀನಿ. ಒಂದು ಮಾತು. ಅವನಿಗೋಸ್ಕರ ಕಾದೆ ಅಂತ ಬರೀತೀನಿ, ಅವನಿಂದ ತಪ್ಪಾಯ್ತು ಅಂತ ಬರೆಯಲ್ಲ. ಬಟನ್ ಒತ್ತಿದ ಬೆರಳು ನಂದು, ಫಾರಂ ಬರೆದ ಕೈಯೂ ನಂದೇ."

ಸಂಡಿಗೆ ಹಿಟ್ಟು ಅಂಟಿದ ಕೈಯನ್ನು ತೊಳೆದು ಬಂದು, ತಂಗಿಯ ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು, ಒಂದೂವರೆ ಪುಟ ಬರೆದರು. ಕೆಳಗೆ ಸಹಿ ಹಾಕಿದರು. ಹೊರಡುವಾಗ, "ನಾನೂ ಬರ್ತೀನಿ," ಎಂದರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಹೆಬ್ಬಾರರು ಆ ಹಾಳೆಗಳನ್ನು ಎರಡು ಸಲ ಓದಿದರು. ಮೇಡಂ ಅವರೆದುರು ನೇರವಾಗಿ ನಿಂತಿದ್ದರು, ಬೈಸಿಕೊಳ್ಳಲು ಸಿದ್ಧರಾಗಿ. ಹೆಬ್ಬಾರರು ಕನ್ನಡಕ ತೆಗೆದು, "ನೀವು ಕೂತುಕೊಳ್ಳಿ ಮೇಡಂ," ಎಂದರು. ಆಮೇಲೆ ಹಳೆಯ ದಾಖಲೆಯಲ್ಲಿ ಹತ್ತು ನಲವತ್ತನ್ನು ಹೊಡೆದುಹಾಕಿ, ಹನ್ನೆರಡು ಗಂಟೆ ಎಂದು ಬರೆದು, ತಾವೂ ಸಹಿ ಹಾಕಿದರು.

ಮತ್ತೆ ಒಂಬತ್ತು ದಿನ ಓಡಿಸಲು ಸಮಯವಿರಲಿಲ್ಲ. ಬೇಕಾಗಲೂ ಇಲ್ಲ. ಅವಳಿ ಓಡುವಾಗ ನಸೀಮಾ ಅಲ್ಲಲ್ಲಿ ಅದರ ಇಡೀ ಸ್ಥಿತಿಯನ್ನು ಉಳಿಸಿಟ್ಟಿದ್ದಳು. ಅಂಥ ಒಂದು ಪ್ರತಿ ತೆಗೆದರೆ ಆ ಗಳಿಗೆಯಿಂದ ಮತ್ತೆ ಬದುಕು ಶುರು. ಒಂಬತ್ತು ಮುನಿಸುಗಳ ಹಿಂದಿನ ಪ್ರತಿಗಳನ್ನು ತೆಗೆದು, ಒಳಗಡಿಯಾರವನ್ನು ಎಂಬತ್ತು ನಿಮಿಷ ಹಿಂದಕ್ಕಿಟ್ಟು, ಆ ಒಂಬತ್ತನ್ನೇ ಓಡಿಸಿದಳು. ಮೇಡಂ ಪಕ್ಕದಲ್ಲೇ ಕೂತಿದ್ದರು. ಮೊದಲನೆಯ ಮುನಿಸು ಸರಿಯಾಗಿ ಬಂತು. ಎರಡನೆಯದು ಬಂತು. ಹೀಗೆ ಮಧ್ಯಾಹ್ನದೊಳಗೆ ಒಂಬತ್ತೂ ಬಂದವು. ವ್ಯತ್ಯಾಸದ ಜಾಗದಲ್ಲಿ ಸೊನ್ನೆ ನಿಂತಿತು.

"ಇದಕ್ಕೆ ಗೊತ್ತಾಗಲ್ವಾ, ತಾನಿಲ್ಲಿದೀನಿ ಅಂತ?" ಮೇಡಂ ಪೆಟ್ಟಿಗೆಯನ್ನೇ ನೋಡುತ್ತ ಕೇಳಿದರು.

"ಗೊತ್ತಾಗಕ್ಕೆ ದಾರಿಯೇ ಇಲ್ಲ ಮೇಡಂ. ನಾವು ತೋರಿಸಿದ ಆಕಾಶಾನೇ ಅದಕ್ಕೆ ಆಕಾಶ."

"ನಾನು ಬರೆದದ್ದಕ್ಕೆ ನಾನೇ ಇಷ್ಟು ಹತ್ರ ಕೂತಿದೀನಿ. ಅದು ನೋಡಿದ್ರೆ ಅಷ್ಟು ದೂರದಲ್ಲಿದೆ," ಎಂದು ಮೆಲ್ಲಗೆ ಹೇಳಿದರು.

ಪಾಠವನ್ನು ಮೊದಲು ಅವಳಿ ಯಂತ್ರಕ್ಕೆ ಕಲಿಸಿದೆವು. ಅದು ಕಲಿಯಿತು. ಎರಡು ಮುನಿಸುಗಳ ನಡುವೆ ತಲುಪುವಂತೆ ಲೆಕ್ಕ ಹಾಕಿ, ಮರುದಿನ ಬೆಳಿಗ್ಗೆ ಏಳಕ್ಕೆ ಪಥಿಕನಿಗೆ ಕಳಿಸಿದೆವು. ಎಪ್ಪತ್ತು ನಿಮಿಷ. ಕಳಿಸಿದ ಮೇಲೆ ಮಾಡುವುದೇನೂ ಇಲ್ಲ. ಮೇಡಂ ನಮ್ಮ ಮನೆಯಲ್ಲಿ ಉಳಿದರು. ವನಜಾ ಅವರ ತಟ್ಟೆಗೆ ಬಡಿಸಿ ಬಡಿಸಿ ಬೈಸಿಕೊಂಡಳು. ತಿಂಡಿಯ ನಡುವೆ ಮೇಡಂ ಗಡಿಯಾರ ನೋಡಿ, "ಈಗ ಶನಿಯ ದಾರಿ ದಾಟಿರುತ್ತೆ," ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಗ್ರಹದ ಹೆಸರು. ರಾತ್ರಿ ಹನ್ನೊಂದಕ್ಕೆ, "ತಲುಪ್ತು," ಎಂದು ಹೇಳಿ ಹೋಗಿ ಮಲಗಿದರು. ಅವರ ಎದೆಯಲ್ಲಿ ಏನು ನಡೆಯುತ್ತಿತ್ತೋ ನನಗೆ ಗೊತ್ತು, ಏಕೆಂದರೆ ನನ್ನದರಲ್ಲೂ ಅದೇ. ಸೈರನ್ನು ಆವತ್ತು ಐದು ನಿಮಿಷ ತಡವಾಗಿ ಕೂಗಿದ್ದರೆ? ಹತ್ತು ನಿಮಿಷ?

ಮರುದಿನ ಮೂರು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಸೇರಿದ್ದೆವು. ಎಡಗಡೆಯ ಪರದೆಯಲ್ಲಿ ಅವಳಿ. ಅದಕ್ಕೂ ಅದೇ ಪಾಠ, ಅದೇ ಕ್ಷಣ, ನಮ್ಮ ಪಟ್ಟಿಯಿಂದ ಕೊಟ್ಟ ನಕ್ಷತ್ರಗಳು. ಬಲಗಡೆ ಪಥಿಕನಿಗೆಂದು ಖಾಲಿ ಪರದೆ. ಮೂರು ಗಂಟೆ ದಾಟಿತು. ಮೂರೂ ಹತ್ತಾಯಿತು. ಪಾಠದ ಕೊನೆ ಅವನಿಗೆ ತಲುಪಿ, ಅವನು ಅದನ್ನು ಒಪ್ಪಿ, ತಿರುಗಿ ನಮ್ಮತ್ತ ನೋಡುವುದಿದ್ದರೆ ನಾಲ್ಕೂ ಹತ್ತರ ಹೊತ್ತಿಗೆ ತಿಳಿಯಬೇಕು. ನಾಲ್ಕೂ ಹತ್ತೂ ದಾಟಿತು. ಹೆಬ್ಬಾರರು ತುಟಿ ಕಚ್ಚಿ ನಿಂತಿದ್ದರು. ಮೇಡಂ ಕಣ್ಣು ಮುಚ್ಚಿದ್ದರು.

ನಾಲ್ಕೂ ಹದಿಮೂರಕ್ಕೆ ಬಲಗಡೆಯ ಪರದೆಯಲ್ಲಿ ಒಂದು ಸಾಲು ಬಂತು. ಆಮೇಲೆ ಸಾಲುಸಾಲು. ತಿಂಗಳುಗಳಿಂದ ಕೇಳದಷ್ಟು ಸ್ಪಷ್ಟವಾದ ದನಿ.

ನನಗೆ ಅಳು ಬಂದದ್ದನ್ನು ಹೇಳಲು ನಾಚಿಕೆಯಿಲ್ಲ. ಹೆಬ್ಬಾರರು ಮೇಡಂ ಅವರ ಎರಡೂ ಕೈ ಹಿಡಿದುಕೊಂಡರು. ಮೇಡಂ ಕಣ್ಣು ಬಿಟ್ಟು ಪರದೆಯನ್ನೇ ಓದುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ.

ಪಥಿಕ ನಕ್ಷತ್ರಗಳನ್ನು ಒಂದೊಂದಾಗಿ ಹುಡುಕುತ್ತಿದ್ದ. ಅಗಸ್ತ್ಯ, ಇದೆ ಎಂದ. ಚಿತ್ರಾ, ಇದೆ. ಸ್ವಾತಿ, ಇದೆ. ಎಡಗಡೆಯ ಅವಳಿಯೂ ಅದೇ ಕ್ಷಣಕ್ಕೆ ಅದನ್ನೇ ಹೇಳುತ್ತಿತ್ತು. ನಡುವೆ ವ್ಯತ್ಯಾಸ ಸೊನ್ನೆ. ಒಂದು ಕೊಠಡಿಯ ಮೂಲೆಯಲ್ಲಿ ಒಬ್ಬ, ಬೆಳಕೂ ಹದಿನಾರು ಗಂಟೆ ನಡೆಯುವಷ್ಟು ದೂರದಲ್ಲಿ ಒಬ್ಬ, ಇಬ್ಬರೂ ಒಂದೇ ದನಿಯಲ್ಲಿ ನಕ್ಷತ್ರಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ಇಂಥದ್ದನ್ನು ನಾನು ಇನ್ನೊಮ್ಮೆ ನೋಡಲಾರೆ.

ಏಳನೆಯದು ಹೆಸರಿಲ್ಲದ ನಕ್ಷತ್ರ, ಪಟ್ಟಿಯಲ್ಲಿ ಬರೀ ಸಂಖ್ಯೆಯಿರುವಂಥದ್ದು. ಅವಳಿ ಇದೆ ಎಂದಿತು. ಪಥಿಕ ಇದೆ ಎಂದ. ಆಮೇಲೆ, ಇಲ್ಲ ಎಂದ.

ವ್ಯತ್ಯಾಸ ಒಂದಾಯಿತು. ಎರಡಾಯಿತು. ಮೂರಾಯಿತು.

"ಏನಾಯ್ತು? ಕ್ಯಾಮೆರಾ ಹೋಯ್ತಾ?" ಹೆಬ್ಬಾರರು ಪರದೆಯ ಹತ್ತಿರ ಬಂದರು.

ನಸೀಮಾಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. "ಇಲ್ಲ ಸರ್. ಪಕ್ಕದ ನಕ್ಷತ್ರಗಳೆಲ್ಲ ಕಾಣ್ತಿವೆ. ಅದೊಂದೇ ಇಲ್ಲ. ಒಂದು ಅಂಚಿಂದ ಇನ್ನೊಂದು ಅಂಚಿಗೆ ಮುಚ್ಕೊಂಡು ಹೋದ ಹಾಗೆ, ಒಂದೇ ಸಮ. ಏನೋ ಅಡ್ಡ ಬಂದಿದೆ."

"ಅಲ್ಲಿ ಏನುಂಟು? ನಮ್ಮ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ."

"ಗೊತ್ತು ಸರ್."

"ಹಾಗಾದ್ರೆ ಇವೆರಡರಲ್ಲಿ ಯಾವುದು ತಪ್ಪು?"

ನಸೀಮಾ ಎಡಗಡೆಯ ಪರದೆಯನ್ನು ನೋಡಿದಳು, ಬಲಗಡೆಯದನ್ನು ನೋಡಿದಳು. ಅವಳ ಕಣ್ಣುಗಳು ಅಗಲವಾಗಿದ್ದವು. ಉತ್ತರ ಕೊಟ್ಟದ್ದು ಅವಳಲ್ಲ, ಜಯಶೀಲಾ ಮೇಡಂ.

"ಎರಡೂ ತಪ್ಪಿಲ್ಲ ಹೆಬ್ಬಾರ್. ಇವನಿಗೆ ನಾವು ಹೇಳಿದ್ದಷ್ಟೇ ಗೊತ್ತು. ಅವನು ನೋಡ್ತಿದಾನೆ."

ನಲವತ್ತು ಸೆಕೆಂಡುಗಳಾದ ಮೇಲೆ ಆ ನಕ್ಷತ್ರ ಮತ್ತೆ ಕಾಣಿಸಿಕೊಂಡಿತು. ವ್ಯತ್ಯಾಸದ ಸಂಖ್ಯೆ ನಲವತ್ತಕ್ಕೆ ಬಂದು ನಿಂತಿತ್ತು. ಅದನ್ನು ಸೊನ್ನೆಗೆ ತರಬೇಕೆಂದು ಆವತ್ತು ಯಾರಿಗೂ ಅನ್ನಿಸಲಿಲ್ಲ.